ಟಾಕಿ ಖಾಲಿಯಾಗದಂತೆ ಹೀಲ್ ಮಾಡುವುದು: ರೇಡ್‌ಗೆ ಹೊರಟ ಪ್ರೀಸ್ಟ್‌ಗೆ ಗೇರ್ ಮತ್ತು ಉಪಾಯ

ನಮ್ಮ ಓಣಿಯಲ್ಲಿ ನಳ ದಿನಾ ಬರುವುದಿಲ್ಲ. ಬಂದ ದಿನ ಮನೆಮಂದಿಯೆಲ್ಲ ಎದ್ದು ಟಾಕಿ, ಕೊಡ, ಬಕೆಟ್ಟು, ಕೊನೆಗೆ ಕುಕ್ಕರ್ ಕೂಡ ತುಂಬಿಸಿಡುತ್ತೇವೆ. ಆಮೇಲೆ ಮುಂದಿನ ಸಲ ನೀರು ಬರುವವರೆಗೆ ಅವ್ವ ಒಂದೊಂದು ತಂಬಿಗೆಗೂ ಲೆಕ್ಕ ಕೇಳುತ್ತಾಳೆ. ಹುಬ್ಬಳ್ಳಿಯಲ್ಲಿ ಬೆಳೆದವರಿಗೆ ಇದೇನು ಹೊಸದಲ್ಲ ಬಿಡಿ. ಆದರೆ ಈ ಬುದ್ಧಿಯನ್ನು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಅನ್ನುವ ಆನ್‌ಲೈನ್ ಆಟದ ರೇಡ್ ಒಳಗೆ, ಅಂದರೆ 40 ಮಂದಿ ಸೇರಿ ಬಾಸ್ ಅನ್ನುವ ದೊಡ್ಡ ಶತ್ರುಗಳನ್ನು ಹೊಡೆಯುವ ಜಾಗಕ್ಕೆ, ತರಲಿಕ್ಕೆ ನನಗೆ ಎರಡು ತಿಂಗಳು ಹಿಡಿಯಿತು. ಅಲ್ಲಿ ನಾನು ಪ್ರೀಸ್ಟ್, ಏಟು ತಿಂದವರಿಗೆ ಮಂತ್ರ ಹಾಕಿ ಜೀವ ತುಂಬಿಸುವವನು, ಅಂದರೆ ಹೀಲ್ ಮಾಡುವವನು.

ಮೊದಲ ಸಲ ಮೋಲ್ಟನ್ ಕೋರ್ ರೇಡ್‌ನ ಕೊನೆಯ ಬಾಸ್ ರಾಗ್ನರಾಸ್ ಮುಂದೆ ನಿಂತಾಗ, ಯಾರು ಎಷ್ಟು ಹೀಲ್ ಮಾಡಿದರು ಅಂತ ತೋರಿಸುವ ಹೀಲಿಂಗ್ ಮೀಟರ್‌ನಲ್ಲಿ ನಾನೇ ಮೇಲೆ. ಎದೆ ಉಬ್ಬಿತ್ತು. ಯಾರಿಗೆ ಒಂದು ಗೀರು ಬಿದ್ದರೂ ಫ್ಲ್ಯಾಶ್ ಹೀಲ್ ಅನ್ನುವ ಅವಸರದ ಮಂತ್ರ, ಅದೂ ಜಾಸ್ತಿ ಖರ್ಚಿನ ಮಟ್ಟದ್ದು, ಅಂದರೆ ದೊಡ್ಡ ರ‍್ಯಾಂಕಿನದೇ. ಬಾಸ್ ಜೀವ 20 ಪರ್ಸೆಂಟಿಗೆ ಬಂದಾಗ ಮಂತ್ರಕ್ಕೆ ಖರ್ಚಾಗುವ ಶಕ್ತಿ, ಅಂದರೆ ನನ್ನ ಮಾನಾ, ಸೊನ್ನೆ. ಟ್ಯಾಂಕ್ ಆಗಿ, ಅಂದರೆ ಬಾಸ್ ಏಟು ತಾನೇ ತಿನ್ನುತ್ತ, ನಿಂತಿದ್ದ ಗದಗದ ಗೆಳೆಯ ಬಿದ್ದ, ಹಿಂದೆಯೇ 40 ಮಂದಿಯೂ ಬಿದ್ದರು. ನಮ್ಮ ಗ್ಯಾಂಗಿನಲ್ಲಿ ಪ್ರೀಸ್ಟ್ ಆಡುವವನನ್ನು ಎಲ್ಲರೂ ಅಯ್ನೋರು ಅಂತಲೇ ಕರೆಯುವುದು. ಹೆಡ್‌ಫೋನಿನಲ್ಲಿ ಆ ಗದಗದವನ ಧ್ವನಿ ಇನ್ನೂ ಕೇಳಿಸುತ್ತದೆ: "ಅಯ್ನೋರ, ಮಂತ್ರ ಮುಗೀತೇನ್ರಿ?"

ಮಾನಾ ಹೋದರೆ ಮಾನವೂ ಹೋಯಿತು, ಅಷ್ಟೇ.

ಇದು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕ್ಲಾಸಿಕ್ ಬಗ್ಗೆ, ಅದರಲ್ಲೂ ಲೆವೆಲ್ 60ರ ಹೋಲಿ ಪ್ರೀಸ್ಟ್ ಬಗ್ಗೆ. ಮೂಲ ಆಟ 2004ರದು, ಕ್ಲಾಸಿಕ್ ಬಂದದ್ದು 2019ರ ಆಗಸ್ಟ್‌ನಲ್ಲಿ, ಮತ್ತೆ ಮೊದಲಿನಿಂದ ಶುರುವಾದ ಆ್ಯನಿವರ್ಸರಿ ಸರ್ವರ್‌ಗಳು 2024ರ ನವೆಂಬರ್‌ನಲ್ಲಿ. ನೀವು ಹೊಸ ರಿಟೇಲ್ ಆವೃತ್ತಿ ಆಡುವವರಾದರೆ ಕೆಳಗಿನ ಲೆಕ್ಕದಲ್ಲಿ ಬಹಳಷ್ಟು ಹೊಂದುವುದಿಲ್ಲ. ಅಲ್ಲಿ ಚಿಕ್ಕ ರ‍್ಯಾಂಕ್ ಅನ್ನುವುದೇ ಇಲ್ಲ.

ಮೊದಲು ಟಾಕಿಯ ಲೆಕ್ಕ

ಗೇರ್, ಅಂದರೆ ತೊಡುವ ಉಡುಪು ಮತ್ತು ಆಯುಧ, ನೋಡುವ ಮೊದಲು ನಾಲ್ಕು ಸಂಗತಿ ತಲೆಯಲ್ಲಿ ಕೂರಬೇಕು. ಇಂಟೆಲೆಕ್ಟ್ ಅಂದರೆ ಟಾಕಿ ಎಷ್ಟು ದೊಡ್ಡದು ಅನ್ನುವುದು, ಒಂದು ಪಾಯಿಂಟಿಗೆ 15 ಮಾನಾ. ಸ್ಪಿರಿಟ್ ಅಂದರೆ ನಳ ಎಷ್ಟು ಜೋರಾಗಿ ಬರುತ್ತದೆ ಅನ್ನುವುದು. ಐದು ಸೆಕೆಂಡಿಗೆ ಇಷ್ಟು ಮಾನಾ ಅಂತ ಕೆಲವು ಗೇರ್ ಮೇಲೆ ಬರೆದಿರುತ್ತದಲ್ಲ, ಎಂಪಿ5 ಅನ್ನುತ್ತೇವೆ, ಅದು ಸಣ್ಣಗೆ ಯಾವಾಗಲೂ ತೊಟ್ಟಿಕ್ಕುತ್ತಲೇ ಇರುವ ನೀರು. ಇನ್ನು ಪ್ಲಸ್ ಹೀಲಿಂಗ್ ಅಂದರೆ ನಿಮ್ಮ ತಂಬಿಗೆ ಎಷ್ಟು ದೊಡ್ಡದು ಅನ್ನುವುದು. ಅದೇ ಒಂದು ಮುಳುಗಿಗೆ ಜಾಸ್ತಿ ನೀರು ಬರುತ್ತದೆ.

ಈಗ ಇದರಲ್ಲಿರುವ ತಕರಾರು. ನೀವು ಟಾಕಿಯಿಂದ ನೀರು ತೆಗೆದ ಕೂಡಲೇ ನಳ ನಿಂತುಬಿಡುತ್ತದೆ. ಮಾನಾ ಖರ್ಚಾಗುವ ಯಾವುದೇ ಮಂತ್ರ ಹಾಕಿದ ಮೇಲೆ 5 ಸೆಕೆಂಡ್ ಸ್ಪಿರಿಟ್‌ನಿಂದ ಬರುವ ಮಾನಾ ಬಂದ್. ಇದಕ್ಕೇ ಫೈವ್ ಸೆಕೆಂಡ್ ರೂಲ್ ಅನ್ನುವುದು. ಪ್ರೀಸ್ಟ್‌ಗೆ ಪ್ರತಿ 2 ಸೆಕೆಂಡಿಗೊಮ್ಮೆ 13 ಮತ್ತು ಸ್ಪಿರಿಟ್‌ನ ಕಾಲು ಭಾಗ ಸೇರಿಸಿದಷ್ಟು ಮಾನಾ ಬರುತ್ತದೆ. 250 ಸ್ಪಿರಿಟ್ ಇದ್ದರೆ 2 ಸೆಕೆಂಡಿಗೆ 75ರ ಮೇಲೆ. ಚಲೋ ಅಲ್ವಾ? ಆದರೆ ಅದು ಸುಮ್ನೆ ನಿಂತಾಗ ಮಾತ್ರ. ಮಂತ್ರ ಹಾಕುತ್ತಲೇ ಇದ್ದರೆ ಸೊನ್ನೆ. ಪಾಯಿಂಟ್ ಹಾಕಿ ಆರಿಸುವ ಕೌಶಲಗಳಲ್ಲಿ ಒಂದಾದ ಮೆಡಿಟೇಶನ್ ಟ್ಯಾಲೆಂಟ್‌ಗೆ ಮೂರೂ ಪಾಯಿಂಟ್ ಹಾಕಿದ್ದರೆ ಅದರ 15 ಪರ್ಸೆಂಟ್, ಅಂದರೆ 11ರಷ್ಟು ಮಾತ್ರ ಹನಿಯುತ್ತದೆ.

ಇಲ್ಲೊಂದು ಸೂಕ್ಷ್ಮ ಇದೆ, ಎಷ್ಟೋ ಮಂದಿ ವರ್ಷಗಟ್ಟಲೆ ಆಡಿದರೂ ಗಮನಿಸಿರುವುದಿಲ್ಲ. ಮಾನಾ ಕಟ್ ಆಗುವುದು ಮಂತ್ರ ಶುರುಮಾಡಿದಾಗ ಅಲ್ಲ, ಮುಗಿದಾಗ. ಅಂದರೆ ಗ್ರೇಟರ್ ಹೀಲ್ ಅನ್ನುವ ದೊಡ್ಡ ಮಂತ್ರ ಶುರುಮಾಡಿ, ಕೊನೇ ಕ್ಷಣದಲ್ಲಿ ಒಂದು ಹೆಜ್ಜೆ ಅಲ್ಲಾಡಿ ರದ್ದು ಮಾಡಿದರೆ ಮಾನಾ ಹೋಗುವುದಿಲ್ಲ, 5 ಸೆಕೆಂಡಿನ ಎಣಿಕೆಯೂ ಮತ್ತೆ ಮೊದಲಿಂದ ಶುರುವಾಗುವುದಿಲ್ಲ. ಇನ್ನರ್ ಫೋಕಸ್ ಹಾಕಿ ಬಿಟ್ಟಿ ಹೀಲ್ ಕೊಟ್ಟರೂ ಅಷ್ಟೇ. ಈ ಎರಡರ ಮೇಲೆಯೇ ಒಳ್ಳೆಯ ಪ್ರೀಸ್ಟ್‌ನ ಅರ್ಧ ಆಟ ನಿಂತಿದೆ.

ಗೇರ್: ಏನು ಹಿಡಿಯಬೇಕು, ಏನು ಬಿಡಬೇಕು

ಹೊಸಬರು ಮಾಡುವ ತಪ್ಪು ಒಂದೇ. ಅಪರೂಪದ ವಸ್ತುವಿನ ನೀಲಿ ಬಣ್ಣದ ಅಕ್ಷರ ಕಂಡರೆ ಸಾಕು, ಇಂಟೆಲೆಕ್ಟ್ ಜಾಸ್ತಿ ಇದ್ದರೆ ಇನ್ನೂ ಸಾಕು, ಅದಕ್ಕೆ ರೋಲ್, ಅಂದರೆ ದಾಳ, ಹೊಡೆದುಬಿಡುತ್ತಾರೆ. ಟಾಕಿ ದೊಡ್ಡದು ಮಾಡಿಕೊಂಡರೆ ಏನು ಬಂತು, ಒಂದು ಸಲ ಖಾಲಿಯಾದರೆ ಖಾಲಿಯೇ. ನನ್ನ ಕ್ರಮ ಹೀಗೆ: ಮೊದಲು ಪ್ಲಸ್ ಹೀಲಿಂಗ್, ಆಮೇಲೆ ಎಂಪಿ5, ಆಮೇಲೆ ಸ್ಪಿರಿಟ್, ಕೊನೆಗೆ ಇಂಟೆಲೆಕ್ಟ್. ಸ್ಟ್ಯಾಮಿನಾ ಬಂದರೆ ಬರಲಿ.

ಸ್ಪಿರಿಟ್‌ಗಿಂತ ಎಂಪಿ5 ಯಾಕೆ ಮುಂದೆ ಅಂತ ಕೇಳುತ್ತಾರೆ. ಲೆಕ್ಕ ಹಾಕಿ ನೋಡಿ. 10 ಸ್ಪಿರಿಟ್ ಅಂದರೆ ಸುಮ್ನೆ ನಿಂತಾಗ 5 ಸೆಕೆಂಡಿಗೆ 6 ಮಾನಾ ಚಿಲ್ಲರೆ. ಅದೇ ಹೀಲ್ ಮಾಡುತ್ತಿರುವಾಗ ಮೆಡಿಟೇಶನ್ ಇದ್ದರೂ 1 ಕೂಡ ಪೂರ್ತಿ ಬರುವುದಿಲ್ಲ. ಆದರೆ 4 ಎಂಪಿ5 ಅಂದರೆ ನಿಂತರೂ 4, ಕುಣಿದರೂ 4. ಹಾಗಂತ ಸ್ಪಿರಿಟ್ ಬಿಸಾಕಬೇಡಿ. ಸ್ಪಿರಿಚುವಲ್ ಗೈಡೆನ್ಸ್ ಪೂರ್ತಿ ತೆಗೆದುಕೊಂಡಿದ್ದರೆ ನಿಮ್ಮ ಸ್ಪಿರಿಟ್‌ನ 25 ಪರ್ಸೆಂಟ್ ಹೀಲಿಂಗ್ ಆಗಿಯೂ ಸೇರುತ್ತದೆ. ಇದು ಪ್ರೀಸ್ಟ್‌ಗೆ ಮಾತ್ರ ಸಿಕ್ಕ ಭಾಗ್ಯ, ಹೀಲ್ ಮಾಡುವ ಇನ್ನೊಂದು ವರ್ಗವಾದ ಪಲಾಡಿನ್ ಮಂದಿ ಇದನ್ನು ನೋಡಿ ಹೊಟ್ಟೆ ಉರಿದುಕೊಳ್ಳುತ್ತಾರೆ.

ರೇಡ್‌ಗೆ ಹೋಗುವ ಮೊದಲು ಚಿಕ್ಕ ತಂಡದ ಡಂಜನ್‌ಗಳಲ್ಲೇ ಸಾಕಷ್ಟು ಸಿಗುತ್ತದೆ. ಸ್ಟ್ರಾಥೋಮ್‌ನಲ್ಲಿ ಬ್ಯಾರನ್ ರಿವೆಂಡೇರ್ ಹತ್ತಿರ ರೋಬ್ಸ್ ಆಫ್ ದಿ ಎಕ್ಸಾಲ್ಟೆಡ್ ಇದೆ, ಪ್ಲಸ್ ಹೀಲಿಂಗ್ ಇರುವ ನಿಲುವಂಗಿ. ಅದು ಸಿಗುವವರೆಗೆ ನಾನು ಬ್ಯಾರನ್ ಮುಖವನ್ನು ನಮ್ಮ ನೆಂಟರ ಮುಖಕ್ಕಿಂತ ಜಾಸ್ತಿ ನೋಡಿದ್ದೇನೆ. ಡೈರ್ ಮಾಲ್‌ನಲ್ಲಿ ಪ್ರೀಸ್ಟ್ ಪುಸ್ತಕ ಒಂದು ಬೀಳುತ್ತದೆ, ಹೆಸರು ಹೋಲಿ ಬೊಲೋನಿ, ಅದನ್ನು ಅಲ್ಲಿನ ಲೈಬ್ರರಿಯಲ್ಲಿ ಕೊಟ್ಟರೆ ರಾಯಲ್ ಸೀಲ್ ಆಫ್ ಎಲ್ಡ್ರೆಥಲಾಸ್ ಅನ್ನುವ ಟ್ರಿಂಕೆಟ್. ಹೈಡ್ ಆಫ್ ದಿ ವೈಲ್ಡ್ ಅನ್ನುವ ಮೇಲುಹೊದಿಕೆ ಲೆದರ್‌ವರ್ಕರ್ ಮಾಡಿಕೊಡುತ್ತಾನೆ, ಚಿನ್ನ ಖರ್ಚಾದರೂ ಭಾಳ ದಿನ ಬಾಳಿಕೆ ಬರುತ್ತದೆ. ಆಯುಧಕ್ಕೆ ಪ್ಲಸ್ 55 ಹೀಲಿಂಗ್ ಎನ್‌ಚಾಂಟ್ ಹಾಕಿಸಿ. ದುಬಾರಿ, ಹೌದು. ಆದರೆ ಬೇರೆ ಯಾವ ಎನ್‌ಚಾಂಟೂ ಅದರ ಹತ್ತಿರ ಬರುವುದಿಲ್ಲ.

ಇನ್ನು ಸೆಟ್ ವಿಷಯ, ಅಂದರೆ ಜೊತೆಗೆ ಹಾಕಿದರೆ ಹೆಚ್ಚುವರಿ ಲಾಭ ಕೊಡುವ ಗೇರ್ ಗುಂಪು. ಮೋಲ್ಟನ್ ಕೋರ್‌ನಲ್ಲಿ ಸಿಗುವ ಪ್ರಾಫೆಸಿ ಸೆಟ್ ಹಿಂದೆ ತಲೆ ಕೆಡಿಸಿಕೊಂಡು ಎಂಟೂ ಪೀಸ್ ಸೇರಿಸಬೇಕು ಅಂತ ಹಟ ಹಿಡಿಯಬೇಡಿ. ಬಿಡಿಯಾಗಿ ಪ್ಲಸ್ ಹೀಲಿಂಗ್ ಜಾಸ್ತಿ ಇರುವ ವಸ್ತು ಸಿಕ್ಕರೆ ಅದೇ ಚಲೋ. ನಿಜವಾಗಿ ಕಾಯಬೇಕಾದದ್ದು ಟ್ರಾನ್ಸೆಂಡೆನ್ಸ್ ಸೆಟ್‌ನ ಮೂರು ಪೀಸಿಗೆ. ಮೂರು ಹಾಕಿಕೊಂಡರೆ ಹೀಲ್ ಮಾಡುವಾಗಲೂ ಸ್ಪಿರಿಟ್ ಮಾನಾದ ಇನ್ನೊಂದು 15 ಪರ್ಸೆಂಟ್ ಬರುತ್ತದೆ. ಮೆಡಿಟೇಶನ್ ಸೇರಿಸಿದರೆ 30. ನಳ ಪೂರ್ತಿ ನಿಲ್ಲುವುದೇ ಇಲ್ಲ, ಅದಕ್ಕಿಂತ ಇನ್ನೇನು ಬೇಕು ಹುಬ್ಬಳ್ಳಿಯವರಿಗೆ? ಇದರ ಶಿರಸ್ತ್ರಾಣ ಒನಿಕ್ಸಿಯಾ ಹತ್ತಿರ, ಪ್ಯಾಂಟು ರಾಗ್ನರಾಸ್ ಹತ್ತಿರ, ಕೈಪಟ್ಟಿ ಬ್ಲ್ಯಾಕ್‌ವಿಂಗ್ ಲೇರ್‌ನ ಮೊದಲ ಬಾಸ್ ರೇಜರ್‌ಗೋರ್ ಹತ್ತಿರ. ಅಂದರೆ ಮೊದಲೆರಡು ನಿಮ್ಮ ಕೈಲಿದ್ದರೆ, ಬ್ಲ್ಯಾಕ್‌ವಿಂಗ್ ಬಾಗಿಲು ತೆರೆದ ಮೊದಲ ರಾತ್ರಿಯೇ ಮೂರನೆಯದು ಸಿಗಬಹುದು. ರೇಡ್ ಮಾಡಿ ಗಳಿಸಿದ ಪಾಯಿಂಟಿನಿಂದ ವಸ್ತು ಪಡೆಯುವ ಡಿಕೆಪಿ ಪದ್ಧತಿ ಇರುವ ಗಿಲ್ಡ್ (ಆಟಗಾರರ ಸಂಘ) ಆದರೆ ಈ ಮೂರಕ್ಕೆ ಪಾಯಿಂಟ್ ಉಳಿಸಿಡಿ, ಉಳಿದ ಚಿಲ್ಲರೆಗೆ ಖರ್ಚು ಮಾಡಬೇಡಿ. ಎಂಟೂ ಪೀಸ್ ಸೇರಿದರೆ ಗ್ರೇಟರ್ ಹೀಲ್ ಹಿಂದೆಯೇ ಐದನೇ ರ‍್ಯಾಂಕಿನ ರಿನ್ಯೂ, ಅಂದರೆ ಸ್ವಲ್ಪ ಸ್ವಲ್ಪವಾಗಿ ಜೀವ ತುಂಬುವ ಮಂತ್ರ, ಕೂಡ ಬೀಳುತ್ತದೆ. ಒಳ್ಳೆಯದೇ, ಆದರೆ ಅವಸರ ಇಲ್ಲ.

ಬೆನಿಡಿಕ್ಷನ್ ಕೋಲಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಮೋಲ್ಟನ್ ಕೋರ್‌ನಲ್ಲಿ ಮೇಜರ್‌ಡೋಮೋ ಸೋತ ಮೇಲೆ ತೆರೆಯುವ ಪೆಟ್ಟಿಗೆಯಲ್ಲಿ ಐ ಆಫ್ ಡಿವಿನಿಟಿ ಬಂದರೆ ಪ್ರೀಸ್ಟ್‌ನ ಕ್ವೆಸ್ಟ್ ಶುರು. ಐ ಆಫ್ ಶ್ಯಾಡೋ ಅಂತ ಇನ್ನೊಂದು ಕಣ್ಣು ಬೇರೆ ಹುಡುಕಬೇಕು. ಆಮೇಲೆ ಈಸ್ಟರ್ನ್ ಪ್ಲೇಗ್‌ಲ್ಯಾಂಡ್ಸ್‌ನಲ್ಲಿ ಒಬ್ಬರೇ ನಿಂತು ಓಡಿ ಬರುವ ರೈತರನ್ನು ಕಾಪಾಡಬೇಕು: 50 ಮಂದಿ ದಾಟಬೇಕು, 15 ಮಂದಿ ಸತ್ತರೆ ಫೇಲ್. ಬೇರೆ ಯಾರೂ ಸಹಾಯ ಮಾಡುವ ಹಾಗಿಲ್ಲ. ನಾನು ನಾಲ್ಕನೇ ಸಲಕ್ಕೆ ಪಾಸಾದೆ. ಈ ಕ್ವೆಸ್ಟ್ ಮಾಡಿದರೆ ರೇಡ್ ಹೀಲಿಂಗ್ ತಾನಾಗಿಯೇ ಸುಧಾರಿಸುತ್ತದೆ. ಯಾಕೆಂದರೆ ಅಲ್ಲಿ ಎಲ್ಲರನ್ನೂ ತುಂಬಿಸುತ್ತ ಕೂತರೆ ಆಗುವುದಿಲ್ಲ. ಯಾರು ಈಗ ಸಾಯುತ್ತಾರೆ, ಯಾರಿಗೆ ಪ್ಲೇಗ್ ಹತ್ತಿದೆ, ಯಾರು ಅರ್ಧ ಜೀವದಲ್ಲೇ ದಾಟಿಬಿಡುತ್ತಾರೆ ಅಂತ ಕಣ್ಣಲ್ಲೇ ಅಳೆಯಬೇಕು.

ಒಂದು ಶಿಷ್ಟಾಚಾರ: ಬಟ್ಟೆ ಗೇರ್‌ನಲ್ಲಿ ಸ್ಪೆಲ್ ಹಿಟ್ (ಮಂತ್ರ ಶತ್ರುವಿಗೆ ತಪ್ಪದೆ ತಗಲುವ ಗುಣ) ಇದ್ದರೆ ಅದು ಏಟು ಕೊಡುವ ಮಂತ್ರವಾದಿಗಳಾದ ಮೇಜ್, ವಾರ್‌ಲಾಕ್ ಪಾಲು. ಅದಕ್ಕೆ ಕೈ ಹಾಕಬೇಡಿ. ನಾಳೆ ನೀರು, ಬ್ರೆಡ್ಡು ಮಾಡಿಕೊಡುವವನು ಅದೇ ಮೇಜ್.

ಟ್ಯಾಲೆಂಟ್ ಬಗ್ಗೆ ಉದ್ದ ಹೇಳುವುದಿಲ್ಲ. ಡಿಸಿಪ್ಲಿನ್ ಕವಲಿಗೆ 21 ಪಾಯಿಂಟ್, ಹೋಲಿ ಕವಲಿಗೆ 30. ಇನ್ನರ್ ಫೋಕಸ್, ಮೆಡಿಟೇಶನ್, ಡಿವೈನ್ ಸ್ಪಿರಿಟ್ ಒಂದು ಕಡೆ. ಇಂಪ್ರೂವ್ಡ್ ಹೀಲಿಂಗ್, ಇನ್ಸ್ಪಿರೇಶನ್, ಡಿವೈನ್ ಫ್ಯೂರಿ, ಸ್ಪಿರಿಚುವಲ್ ಹೀಲಿಂಗ್ ಇನ್ನೊಂದು ಕಡೆ. ಕಣ್ಣು ಮುಚ್ಚಿ ಹಾಕಿಕೊಳ್ಳಿ.

ಕೊಡವೋ ತಂಬಿಗೆಯೋ

ಮುಖ ತೊಳೆಯಲು ಯಾರೂ ಕೊಡ ಎತ್ತುವುದಿಲ್ಲ. ಆದರೆ ರೇಡ್‌ನಲ್ಲಿ ಎಲ್ಲರೂ ಅದನ್ನೇ ಮಾಡುತ್ತಾರೆ. ಹೊಸ ರ‍್ಯಾಂಕ್ ಕಲಿತ ಕೂಡಲೇ ಹಳೆಯದನ್ನು ಮಂತ್ರದ ಬಟನ್‌ಗಳಿರುವ ಬಾರ್‌ನಿಂದ ತೆಗೆದು ಎಸೆದುಬಿಡುತ್ತಾರೆ. ಕ್ಲಾಸಿಕ್‌ನಲ್ಲಿ ಇದು ದೊಡ್ಡ ತಪ್ಪು, ಯಾಕೆ ಅಂತ ಅಂಕಿಯಲ್ಲೇ ತೋರಿಸುತ್ತೇನೆ.

ಪ್ಲಸ್ ಹೀಲಿಂಗ್ ಎಷ್ಟು ಸೇರುತ್ತದೆ ಅನ್ನುವುದು ಮಂತ್ರದ ಮೂಲ ಸಮಯದ ಮೇಲೆ ನಿಂತಿದೆ, ರ‍್ಯಾಂಕಿನ ಮೇಲೆ ಅಲ್ಲ. 3 ಸೆಕೆಂಡಿನ ಹೀಲ್, ಗ್ರೇಟರ್ ಹೀಲ್‌ಗೆ ನಿಮ್ಮ ಬೋನಸ್‌ನ 86 ಪರ್ಸೆಂಟ್ ಹತ್ತಿರ ಸೇರುತ್ತದೆ. ಒಂದೂವರೆ ಸೆಕೆಂಡಿನ ಫ್ಲ್ಯಾಶ್ ಹೀಲ್‌ಗೆ 43. ಡಿವೈನ್ ಫ್ಯೂರಿಯಿಂದ 3 ಸೆಕೆಂಡ್ ಎರಡೂವರೆಗೆ ಇಳಿದರೂ ಈ 86 ಕಡಿಮೆಯಾಗುವುದಿಲ್ಲ. ಲೆವೆಲ್ 20ಕ್ಕಿಂತ ಮೊದಲು ಕಲಿತ ರ‍್ಯಾಂಕ್‌ಗಳಿಗೆ ಮಾತ್ರ ಕಡಿತ ಇದೆ, ಅವನ್ನು ಬಿಟ್ಟುಬಿಡಿ.

ನಿಮ್ಮ ಹತ್ತಿರ ಪ್ಲಸ್ 400 ಹೀಲಿಂಗ್ ಇದೆ ಅಂದುಕೊಳ್ಳಿ. ಟ್ಯಾಲೆಂಟ್ ಲೆಕ್ಕ ಸದ್ಯ ಪಕ್ಕಕ್ಕಿಡೋಣ. ಹೀಲ್ ಎರಡನೇ ರ‍್ಯಾಂಕ್: ಖರ್ಚು 205 ಮಾನಾ, ಬರುವುದು 800ರಷ್ಟು. ಫ್ಲ್ಯಾಶ್ ಹೀಲ್ ಏಳನೇ ರ‍್ಯಾಂಕ್: ಖರ್ಚು 380, ಬರುವುದು 1050ರಷ್ಟು. ಅಂದರೆ ಒಂದು ಮಾನಾಗೆ ಮೊದಲನೆಯದರಲ್ಲಿ 4ರ ಹತ್ತಿರ, ಎರಡನೆಯದರಲ್ಲಿ 3 ಕೂಡ ಇಲ್ಲ. ಮೇಲೆ ಇಂಪ್ರೂವ್ಡ್ ಹೀಲಿಂಗ್‌ನ 15 ಪರ್ಸೆಂಟ್ ರಿಯಾಯಿತಿ ಹೀಲ್‌ಗೆ ಉಂಟು, ಫ್ಲ್ಯಾಶ್ ಹೀಲ್‌ಗೆ ಇಲ್ಲ. ಗೇರ್ ಸುಧಾರಿಸಿದಂತೆ ಈ ಅಂತರ ಇನ್ನೂ ಬೆಳೆಯುತ್ತದೆ. ಅದಕ್ಕೇ ಪ್ಲಸ್ ಹೀಲಿಂಗ್ ಮೊದಲು ಅಂದದ್ದು. ತಂಬಿಗೆ ದೊಡ್ಡದಾದಷ್ಟೂ ಕೊಡ ಎತ್ತುವ ಪ್ರಸಂಗ ಕಡಿಮೆ.

ನನ್ನ ಬಾರ್ ಮೇಲೆ ಇರುವುದು: ಹೀಲ್ ಎರಡು ಮತ್ತು ನಾಲ್ಕನೇ ರ‍್ಯಾಂಕ್, ಗ್ರೇಟರ್ ಹೀಲ್ ಒಂದನೇ ರ‍್ಯಾಂಕ್ ಮತ್ತು ಎಲ್ಲಕ್ಕಿಂತ ದೊಡ್ಡದು, ಫ್ಲ್ಯಾಶ್ ಹೀಲ್ ದೊಡ್ಡದು ಒಂದು ಮಧ್ಯದ್ದು ಒಂದು, ರಿನ್ಯೂ, ಶೀಲ್ಡ್, ಪ್ರೇಯರ್ ಆಫ್ ಹೀಲಿಂಗ್, ಡಿಸ್ಪೆಲ್ (ಶತ್ರು ಹಾಕಿದ ಮಾಯೆ ತೆಗೆಯುವುದು). ಫ್ಲ್ಯಾಶ್ ಹೀಲ್ ಅಂದರೆ ಮನೆಗೆ ಬೆಂಕಿ ಬಿದ್ದಾಗ ಎರಚುವ ನೀರು. ಆಗ ಲೆಕ್ಕ ನೋಡಬಾರದು. ಆದರೆ ದಿನಾ ಬೆಂಕಿ ಬೀಳುತ್ತಿದ್ದರೆ ತೊಂದರೆ ನಿಮ್ಮ ಹೀಲಿಂಗಿನಲ್ಲಿ ಅಲ್ಲ, ಬೇರೆಲ್ಲೋ ಇದೆ.

ರಿನ್ಯೂ 15 ಸೆಕೆಂಡಿನದು. ಇಬ್ಬರು ಪ್ರೀಸ್ಟ್ ಒಬ್ಬನ ಮೇಲೆ ಹಾಕಿದರೆ ಒಂದೇ ನಿಲ್ಲುತ್ತದೆ. ಯಾರು ಯಾರ ಮೇಲೆ ಹಾಕಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. ಪವರ್ ವರ್ಡ್ ಶೀಲ್ಡ್ ಅನ್ನು ವಾರಿಯರ್ ಟ್ಯಾಂಕ್ ಮೇಲೆ ಸುಮ್ ಸುಮ್ನೆ ಹಾಕಬೇಡಿ. ಏಟು ಶೀಲ್ಡ್‌ಗೆ ಬಿದ್ದರೆ ಅವನಿಗೆ ರೇಜ್ (ಏಟು ತಿಂದಾಗ ಸಿಗುವ ಅವನ ಶಕ್ತಿ) ಬರುವುದಿಲ್ಲ, ರೇಜ್ ಇಲ್ಲದೆ ಬಾಸ್ ಅವನ ಕೈಯಲ್ಲಿ ನಿಲ್ಲುವುದಿಲ್ಲ. ನಮ್ಮ ಗದಗದವನು ಇದಕ್ಕೆ ಬೈದಷ್ಟು ಬೇರೆ ಯಾವುದಕ್ಕೂ ಬೈದಿಲ್ಲ. ಪ್ರೇಯರ್ ಆಫ್ ಹೀಲಿಂಗ್ ನಿಮ್ಮ ಐದು ಮಂದಿಯ ಪಾರ್ಟಿಗೆ ಮಾತ್ರ ತಗಲುತ್ತದೆ, ಆದ್ದರಿಂದ ಬಾಸ್ ಹತ್ತಿರ ನಿಂತು ಹೊಡೆಯುವವರ ಪಾರ್ಟಿಯಲ್ಲಿ ಒಬ್ಬ ಪ್ರೀಸ್ಟ್ ಇರಲಿ ಅಂತ ರೇಡ್ ಲೀಡರ್‌ಗೆ ಹೇಳಿ.

ರೇಡ್ ಒಳಗೆ

40 ಮಂದಿಯ ರೇಡ್‌ನಲ್ಲಿ ಹತ್ತು ಹನ್ನೆರಡು ಹೀಲರ್‌ಗಳು ಇರುತ್ತಾರೆ. ಎಲ್ಲರೂ ಒಂದೇ ಕಡೆ ನೋಡಿದರೆ ಕೆಲಸ ಕೆಟ್ಟಿತು. ಯಾರಿಗೋ 1,000 ಏಟು ಬಿದ್ದರೆ ಐದು ಜನ ಒಟ್ಟಿಗೆ ಹೀಲ್ ಹಾಕುತ್ತಾರೆ, ಮೊದಲು ಬಿದ್ದದ್ದು ಕೆಲಸಕ್ಕೆ, ಉಳಿದ ನಾಲ್ಕು ಗಟಾರಕ್ಕೆ. ನಿಮ್ಮ ಪಾಲಿಗೆ ಯಾವ ಟ್ಯಾಂಕ್ ಅಥವಾ ಯಾವ ಪಾರ್ಟಿ ಅಂತ ಕೇಳಿ ತಿಳಿದುಕೊಳ್ಳಿ, ಅದರಲ್ಲೇ ಇರಿ. ಪಕ್ಕದ ಮನೆ ಟಾಕಿ ತುಂಬಿಸುವ ಉಸಾಬರಿ ಬೇಡ. ನಿಮ್ಮವರು ಕ್ಷೇಮ ಇದ್ದು ಪಕ್ಕದವರು ಸಾಯುತ್ತಿದ್ದರೆ ಮಾತ್ರ ಕೈ ಚಾಚಿ.

ಟ್ಯಾಂಕ್ ನಿಮ್ಮ ಪಾಲಿಗಿದ್ದರೆ ನಾನು ಹೇಳಿದ ರದ್ದು ಮಾಡುವ ವಿದ್ಯೆ ಇಲ್ಲಿ ಬರುತ್ತದೆ. ಅವನು ತುಂಬಿಯೇ ಇರಲಿ, ನೀವು ಎರಡೂವರೆ ಸೆಕೆಂಡಿನ ಗ್ರೇಟರ್ ಹೀಲ್ ಶುರುಮಾಡಿ. ಎರಡು ಸೆಕೆಂಡ್ ಕಳೆಯುವಾಗ ನೋಡಿ: ಏಟು ಬಿದ್ದಿದೆಯೋ, ಬಿಡಿ, ಹೀಲ್ ಸರಿಯಾದ ಹೊತ್ತಿಗೆ ಮುಟ್ಟುತ್ತದೆ. ಬಿದ್ದಿಲ್ಲವೋ, ಒಂದು ಹೆಜ್ಜೆ ಸರಿದು ರದ್ದು ಮಾಡಿ ಮತ್ತೆ ಶುರುಮಾಡಿ. ಏಟು ಬಿದ್ದ ಮೇಲೆ ಹೀಲ್ ಶುರುಮಾಡುವವನು ಯಾವಾಗಲೂ ತಡವೇ. ಇನ್ಸ್ಪಿರೇಶನ್ ಇದ್ದರೆ ನಿಮ್ಮ ಕ್ರಿಟ್ ಹೀಲ್ (ಅದೃಷ್ಟಕ್ಕೆ ಜಾಸ್ತಿ ತುಂಬುವ ಹೀಲ್) ಬಿದ್ದಾಗ ಟ್ಯಾಂಕಿನ ಆರ್ಮರ್ 15 ಸೆಕೆಂಡ್ ಕಾಲ 25 ಪರ್ಸೆಂಟ್ ಏರುತ್ತದೆ, ಆದ್ದರಿಂದ ಪ್ರೀಸ್ಟ್ ಒಬ್ಬ ಟ್ಯಾಂಕ್ ಮೇಲೆ ಇರಲೇಬೇಕು.

ಮಾನಾ ಪೋಶನ್ ಕೊನೆಗೆ ಕುಡಿಯುವುದಲ್ಲ. ಮೇಜರ್ ಮಾನಾ ಪೋಶನ್ 1350ರಿಂದ 2250ರವರೆಗೆ ಕೊಡುತ್ತದೆ, ಮತ್ತೆ ಕುಡಿಯಲು 2 ನಿಮಿಷ ಕಾಯಬೇಕು. ಹಾಗಾಗಿ ಟಾಕಿ 2250 ಇಳಿದ ಕೂಡಲೇ ಮೊದಲನೆಯದು ಕುಡಿಯಿರಿ. ಕೊನೇವರೆಗೆ ಕಾದರೆ ಒಂದೇ ಸಿಗುತ್ತದೆ, ಬೇಗ ಶುರುಮಾಡಿದರೆ ಎರಡು ಮೂರು ಸಿಗುತ್ತವೆ. ಡಾರ್ಕ್ ರೂನ್‌ಗೆ ಬೇರೆ ಕಾಯುವ ಸಮಯ, ಪೋಶನ್ ಜೊತೆ ಸೇರುವುದಿಲ್ಲ. ಆದರೆ ಅದು ನಿಮ್ಮ ಜೀವ 600ರಿಂದ 1000 ಕಿತ್ತುಕೊಂಡು ಮಾನಾ ಕೊಡುತ್ತದೆ. ಅರ್ಧ ಜೀವ ಇದ್ದಾಗ ಅದನ್ನು ಬಳಸಿ ಸತ್ತ ಪ್ರೀಸ್ಟ್‌ಗಳನ್ನು ನೋಡಿದ್ದೇನೆ, ಅದರಲ್ಲಿ ಒಬ್ಬ ನಾನೇ. ಮೇಜ್‌ಬ್ಲಡ್ ಪೋಶನ್ ಒಂದು ಗಂಟೆ 12 ಎಂಪಿ5, ನೈಟ್‌ಫಿನ್ ಸೂಪ್ 8. ಸೂಪ್‌ಗೆ ಮೀನು ರಾತ್ರಿಯೇ ಹಿಡಿಯಬೇಕು. ಗಿರ್ಮಿಟ್ ತಿನ್ನುತ್ತ ಒಂದು ಕೈಯಲ್ಲಿ ಹಿಡಿಯಬಹುದಾದ ಕೆಲಸ ಅದು.

ಬಾಸ್‌ಗಳ ಬಗ್ಗೆ ಪ್ರೀಸ್ಟ್‌ಗೆ ಬೇಕಾದಷ್ಟೇ ಹೇಳುತ್ತೇನೆ, ಮೊದಲು ಮೋಲ್ಟನ್ ಕೋರ್‌ನವರು. ಲೂಸಿಫ್ರಾನ್ ಹಾಕುವ ಇಂಪೆಂಡಿಂಗ್ ಡೂಮ್ 10 ಸೆಕೆಂಡ್ ಆದ ಮೇಲೆ ಪ್ರತಿಯೊಬ್ಬರಿಗೂ 2000 ಏಟು. ಅದನ್ನು ತೆಗೆಯುವುದು ನಿಮ್ಮ ಡಿಸ್ಪೆಲ್, ಇಲ್ಲಿ ಹೀಲ್‌ಗಿಂತ ಡಿಸ್ಪೆಲ್ ಅಗ್ಗ. ಮ್ಯಾಗ್ಮಡಾರ್ ಹೆದರಿಸಿ ಓಡಿಸುತ್ತಾನೆ. ನಿಮ್ಮದು ಡ್ವಾರ್ಫ್ ಪ್ರೀಸ್ಟ್ ಆದರೆ ಟ್ಯಾಂಕ್ ಮೇಲೆ ಹೆದರಿಕೆ ತಡೆಯುವ ಫಿಯರ್ ವಾರ್ಡ್ ಇಡಿ, ಅದು ಡ್ವಾರ್ಫ್‌ಗೆ ಮಾತ್ರ ಇದೆ. ಗೆಹೆನಾಸ್‌ನ ಶಾಪ ಬಿದ್ದವನಿಗೆ ಹೀಲ್ 75 ಪರ್ಸೆಂಟ್ ಕಡಿಮೆ ತಗಲುತ್ತದೆ. ಅದನ್ನು ನೀವು ತೆಗೆಯಲಾರಿರಿ, ಮೇಜ್ ಅಥವಾ ಡ್ರುಯಿಡ್ ತೆಗೆಯಬೇಕು. ಅವರು ತೆಗೆಯುವವರೆಗೆ ದೊಡ್ಡ ಹೀಲ್ ಹಾಕಿದರೆ ಸೋರುವ ಕೊಡಕ್ಕೆ ನೀರು ಹಾಕಿದಂತೆ. ಬ್ಯಾರನ್ ಗೆಡನ್ ಹತ್ತಿರ ಹೋಗಲೇಬೇಡಿ. ಅವನ ಇಗ್ನೈಟ್ ಮಾನಾ ನಿಮ್ಮ ಟಾಕಿಯನ್ನೇ ಸುಡುತ್ತದೆ, ತಗಲಿದರೆ ಮೊದಲು ನಿಮ್ಮದನ್ನೇ ಡಿಸ್ಪೆಲ್ ಮಾಡಿಕೊಳ್ಳಿ. ನಾಚಿಕೆ ಪಡುವ ವಿಷಯ ಅಲ್ಲ ಅದು. ಲಿವಿಂಗ್ ಬಾಂಬ್ ನಿಮಗೇ ಬಿದ್ದರೆ ಹೀಲ್ ಅರ್ಧಕ್ಕೇ ಬಿಟ್ಟು ಜನರಿಂದ ದೂರ ಓಡಿ.

ಬ್ಲ್ಯಾಕ್‌ವಿಂಗ್ ಲೇರ್‌ನಲ್ಲಿ ವೇಲಸ್ಟ್ರಾಜ್ ಬಂದಾಗ ಇಲ್ಲಿಯವರೆಗೆ ಹೇಳಿದ್ದನ್ನೆಲ್ಲ ಮರೆತುಬಿಡಿ. ಅವನೇ ಎಲ್ಲರಿಗೂ ಎಸೆನ್ಸ್ ಆಫ್ ದಿ ರೆಡ್ ಕೊಡುತ್ತಾನೆ, ಮಾನಾ ಮುಗಿಯುವುದೇ ಇಲ್ಲ. ನಳ ಬಂದ ದಿನ ಅಂದರೆ ಇದು. ದೊಡ್ಡ ರ‍್ಯಾಂಕಿನ ಫ್ಲ್ಯಾಶ್ ಹೀಲ್, ಪ್ರೇಯರ್ ಆಫ್ ಹೀಲಿಂಗ್, ಬೆರಳು ನೋಯುವವರೆಗೆ ಒತ್ತಿ. ಉಳಿತಾಯ ಮಾಡಿ ರೂಢಿಯಾದವರು ಇಲ್ಲಿ ಕೈ ಬಿಗಿ ಹಿಡಿದು ಟ್ಯಾಂಕ್ ಕೊಲ್ಲಿಸುತ್ತಾರೆ, ಹಾಸ್ಯ ಅಲ್ಲ, ನಾನೇ ಮೊದಲ ಸಲ ಅಭ್ಯಾಸಬಲದಿಂದ ಹೀಲ್ ಎರಡನೇ ರ‍್ಯಾಂಕ್ ಒತ್ತುತ್ತ ಕೂತಿದ್ದೆ. ಬರ್ನಿಂಗ್ ಅಡ್ರಿನಲಿನ್ ನಿಮಗೆ ಬಿದ್ದರೆ ಸಾವು ಖಚಿತ, ಸತ್ತಾಗ ಸಿಡಿಯುತ್ತೀರಿ ಕೂಡ. ದೂರ ಓಡಿ, ಆದರೆ ಅಷ್ಟರವರೆಗೆ ನಿಮ್ಮ ಮಂತ್ರಗಳು ತಟ್ಟನೆ ಬೀಳುತ್ತವೆ, ಅದನ್ನು ಟ್ಯಾಂಕ್‌ಗೆ ಸುರಿಯಿರಿ.

ಕ್ರೋಮ್ಯಾಗಸ್‌ನಲ್ಲಿ ಕೆಂಪು ಬಾಧೆ ರೋಗ, ನೀಲಿ ಬಾಧೆ ಮಾಯೆ, ಈ ಎರಡೂ ನಿಮ್ಮ ಕೆಲಸ. ನೆಫೇರಿಯನ್ ಪ್ರೀಸ್ಟ್‌ಗಳನ್ನು ಹೆಸರಿಟ್ಟು ಕೂಗಿದಾಗ ಕೈ ತೆಗೆಯಿರಿ: ಆಗ ನೀವು ನೇರ ಹೀಲ್ ಹಾಕಿದರೆ ಅದು ಹಾಕಿಸಿಕೊಂಡವನನ್ನೇ ಸುಡುತ್ತದೆ. ರಿನ್ಯೂ ಮತ್ತು ಶೀಲ್ಡ್ ಮಾತ್ರ. ನ್ಯಾಕ್ಸ್‌ರಾಮಸ್‌ನ ಲೋಥೆಬ್ ಹತ್ತಿರ ಪ್ರತಿ ಹೀಲರ್‌ಗೂ ನಿಮಿಷಕ್ಕೊಂದೇ ಹೀಲ್. ಅಲ್ಲಿ ಸರದಿ ಪಟ್ಟಿ ಮಾಡಿಕೊಂಡು ನಿಲ್ಲಬೇಕು, ಟ್ಯಾಂಕರ್ ನೀರಿಗೆ ಕೊಡ ಸಾಲು ಹಚ್ಚಿದ ಹಾಗೆ.

ಹೀಲ್ ಮಾಡಿದರೂ ಬಾಸ್‌ಗೆ ಸಿಟ್ಟು ಬರುತ್ತದೆ ಅನ್ನುವುದನ್ನು ಮರೆಯಬೇಡಿ. ಹೀಲ್‌ನಲ್ಲಿ ನಿಜವಾಗಿ ಸೇರಿದ್ದರ ಅರ್ಧದಷ್ಟು ಥ್ರೆಟ್, ಸುತ್ತಲಿನ ಶತ್ರುಗಳ ನಡುವೆ ಹಂಚಿಕೆ. ಹೊಸ ಗುಂಪು ಬಂದ ಕೂಡಲೇ ಅವಸರದಿಂದ ಹೀಲ್ ಹಾಕಿದರೆ ಅವು ನಿಮ್ಮ ಮೇಲೆಯೇ ಬರುತ್ತವೆ. ಬಂದರೆ ಸಿಟ್ಟನ್ನು ಸ್ವಲ್ಪ ಹೊತ್ತು ಇಳಿಸುವ ಫೇಡ್ ಹಾಕಿ ಟ್ಯಾಂಕ್ ಕಡೆಗೆ ಓಡಿ. ದೂರ ಓಡಿದರೆ ಟ್ಯಾಂಕ್ ನಿಮ್ಮ ಹಿಂದೆ ಓಡಬೇಕಾಗುತ್ತದೆ.

ನಮ್ಮ ಊರಿನ ತೊಂದರೆಗಳು

ನಮ್ಮ ದೇಶದಲ್ಲಿ ಈ ಆಟದ ಸರ್ವರ್ ಇಲ್ಲ. ನಾವು ಯುರೋಪಿನಲ್ಲಿ ಆಡುತ್ತೇವೆ, ನನ್ನ ಮನೆಯಿಂದ ಪಿಂಗ್ (ಸರ್ವರ್‌ಗೆ ಹೋಗಿಬರುವ ಸಮಯ) 150ರಿಂದ 200 ಮಿಲಿಸೆಕೆಂಡ್ ನಡುವೆ ಓಡಾಡುತ್ತದೆ. ಹೀಲರ್‌ಗೆ ಇದು ಆಡಬಹುದಾದಷ್ಟೇ. ಆದರೆ ರದ್ದು ಮಾಡುವಾಗ ಕೊನೇ ಕ್ಷಣದವರೆಗೆ ಕಾಯಬೇಡಿ, ಸ್ವಲ್ಪ ಮೊದಲೇ ಸರಿಯಿರಿ, ಇಲ್ಲದಿದ್ದರೆ ನಿಮ್ಮ ಪರದೆಯಲ್ಲಿ ರದ್ದಾದರೂ ಅಲ್ಲಿ ಮಾನಾ ಹೋಗಿರುತ್ತದೆ. ರಾತ್ರಿ ಮನೆಯವರು ಟಿವಿಯಲ್ಲಿ ಸಿನಿಮಾ ಹಚ್ಚಿದ್ದರೆ ವೈಫೈ ಬಿಟ್ಟು ರೌಟರ್‌ಗೆ ವೈರ್ ಎಳೆಯಿರಿ.

ಸಮಯದ ಲೆಕ್ಕ ಬರೆದಿಟ್ಟುಕೊಳ್ಳಿ. ಅಲ್ಲಿನ ರಾತ್ರಿ 8 ಗಂಟೆ ಅಂದರೆ ನಮಗೆ ಚಳಿಗಾಲದಲ್ಲಿ 12:30, ಬೇಸಿಗೆಯಲ್ಲಿ 11:30. ಮಾರ್ಚ್ ಮತ್ತು ಅಕ್ಟೋಬರ್ ಕೊನೆಯ ಭಾನುವಾರ ಅವರು ಗಡಿಯಾರ ತಿರುಗಿಸುತ್ತಾರೆ, ನಾವು ತಿರುಗಿಸುವುದಿಲ್ಲ. ನಮ್ಮ ಧಾರವಾಡದ ಡ್ರುಯಿಡ್ ಒಂದು ಸಲ ಮಾರ್ಚ್ ಕೊನೆಗೆ ಒಂದು ತಾಸು ತಡವಾಗಿ ಬಂದು, "ಎಲ್ಲಿ ಹೋದ್ರಿ ಎಲ್ಲಾರು?" ಅಂದ. ನಾವು ಅಷ್ಟರಲ್ಲಿ ಮೋಲ್ಟನ್ ಕೋರ್‌ನ ಬಾಸ್ ಗಾರ್ ಹತ್ತಿರ ಇದ್ದೆವು. ರೇಡ್ ವಾರ ಅಲ್ಲಿ ಬುಧವಾರ ಹೊಸದಾಗುತ್ತದೆ, ಹಾಗಾಗಿ ಬುಧವಾರ ರಾತ್ರಿ ಜಾಸ್ತಿ ಗಿಲ್ಡ್‌ಗಳು ಹೊರಡುತ್ತವೆ. ಗುರುವಾರ ಬೆಳಿಗ್ಗೆ ಆಫೀಸ್ ಇದ್ದವರು ಶನಿವಾರ ಆಡುವ ಗಿಲ್ಡ್ ಹುಡುಕಿ. ನಡುರಾತ್ರಿ ಮೈಕ್‌ನಲ್ಲಿ ಕೂಗಿದರೆ ಅವ್ವ ಎದ್ದು ಬಂದು, "ಇಷ್ಟೊತ್ತಿನ್ಯಾಗ ಯಾರ ಜೋಡಿ ಜಗಳಾ ಆಡಾಕತ್ತೀಯಲೇ?" ಅಂತ ಕೇಳುತ್ತಾಳೆ. ಮೈಕ್‌ಗೆ ಒತ್ತಿದಾಗ ಮಾತ್ರ ಕೇಳುವ ಬಟನ್ ಇಟ್ಟುಕೊಳ್ಳಿ.

ಎಡಗೈಗೆ ಮಂತ್ರದ ಕೀಲಿಗಳು, ಬಲಗೈಗೆ ಮೌಸ್. ಹೀಲ್‌ಬಾಟ್ ಅಥವಾ ವೂಡೂ ಆ್ಯಡಾನ್ ಹಾಕಿಕೊಂಡರೆ 40 ಮಂದಿಯ ಚೌಕಗಳು ಒಂದೇ ಕಡೆ ಕಾಣುತ್ತವೆ, ಹೆಸರಿನ ಮೇಲೆ ಮೌಸ್ ಇಟ್ಟು ಕೀಲಿ ಒತ್ತಿದರೆ ಸಾಕು, ಆರಿಸಿ ಕ್ಲಿಕ್ ಮಾಡುವ ಕೆಲಸ ಇಲ್ಲ. ಇನ್ನೊಬ್ಬ ಹೀಲರ್‌ನ ಮಂತ್ರ ಬರುತ್ತಿದೆ ಅಂತ ತೋರಿಸುವ ಪಟ್ಟಿಯನ್ನು ಆನ್ ಮಾಡಿಡಿ. ನಿಮ್ಮ ಅರ್ಧ ಮಾನಾ ಅದರಲ್ಲೇ ಉಳಿಯುತ್ತದೆ. ಲ್ಯಾಪ್‌ಟಾಪ್ ಟಚ್‌ಪ್ಯಾಡ್‌ನಲ್ಲಿ ಹೀಲ್ ಮಾಡಲು ಹೋಗಬೇಡಿ, ಯಾವುದಾದರೂ ಅಗ್ಗದ ಮೌಸ್ ತನ್ನಿ.

ಇನ್ನು ಕರೆಂಟು. ಮಳೆಗಾಲದಲ್ಲಿ ಎರಡು ಗುಡುಗು ಬಿದ್ದರೆ ಕತ್ತಲೆ. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇರುತ್ತದೆ, ಸಾಯುವುದು ರೌಟರ್. ರೌಟರ್‌ಗೆಂದೇ ಸಿಗುವ ಸಣ್ಣ ಯುಪಿಎಸ್ ತಂದು ಇಡಿ, ಗಾಜಿನ ಫೈಬರ್ ಡಬ್ಬಿಯ ವೈರನ್ನೂ ಅದಕ್ಕೇ ಸಿಕ್ಕಿಸಿ. ನಾನು ರೌಟರ್ ಒಂದನ್ನೇ ಸಿಕ್ಕಿಸಿ, ಡಬ್ಬಿ ಮರೆತು, ದೀಪ ಮಿನುಗುವುದನ್ನು ನೋಡುತ್ತ ಕತ್ತಲೆಯಲ್ಲಿ ಕೂತಿದ್ದೆ. ಟ್ಯಾಂಕ್ ಹೀಲರ್‌ಗಳಲ್ಲಿ ಒಬ್ಬರಿಗೆ ಮೊದಲೇ ಹೇಳಿಟ್ಟಿರಿ: ನಾನು ಮಾತಾಡದೆ ಗೋಡೆ ಕಡೆ ಮುಖ ಮಾಡಿ ನಿಂತುಬಿಟ್ಟರೆ ನನ್ನ ಟ್ಯಾಂಕನ್ನು ನೀನು ಹಿಡಿ ಅಂತ. ಬ್ಯಾಗ್‌ನಲ್ಲಿ ಸೇಕ್ರೆಡ್ ಕ್ಯಾಂಡಲ್ ಜಾಸ್ತಿ ಇರಲಿ, ರೇಡ್‌ಗೆಲ್ಲ ಫಾರ್ಟಿಟ್ಯೂಡ್ (ಜೀವ ಹೆಚ್ಚಿಸುವ ಮಂತ್ರ) ಹಾಕಲು ಬೇಕು. ಮನೆಯಲ್ಲೂ ಎರಡು ಮೇಣದಬತ್ತಿ ಇಟ್ಟಿರಿ.